ಓದಿದ ಮೇಲೆ ಬಂದ ನೋವು

ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಬೆನ್ನು ನೋಡುತ್ತಿದ್ದ ಅವರನ್ನು ಊರಿನವರೆಲ್ಲ ಹೆಬ್ಬೆರಳು ಡಾಕ್ಟರು ಎಂದೇ ಕರೆಯುತ್ತಿದ್ದರು. ಅವರು ಡಾಕ್ಟರಲ್ಲ. ಬಾಗಿಲ ಮೇಲಿನ ಬೋರ್ಡಿನಲ್ಲಿ ‘ಕೈಚಿಕಿತ್ಸಾ ತಜ್ಞರು’ ಎಂದು ಪ್ರಾಮಾಣಿಕವಾಗಿಯೇ ಬರೆಸಿದ್ದರು. ಆದರೆ ಸೊಂಟ ಹಿಡಿದುಕೊಂಡು ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬಂದವರಿಗೆ ಬೋರ್ಡು ಓದುವ ತಾಳ್ಮೆ ಇರುತ್ತಿರಲಿಲ್ಲ. ‘ಡಾಕ್ಟ್ರೇ’ ಎಂದು ಕರೆಸಿಕೊಂಡಾಗ ಅದನ್ನು ತಿದ್ದುವ ತಾಳ್ಮೆ ಇವರಿಗೂ ಇರುತ್ತಿರಲಿಲ್ಲ.

ಕೈಗುಣ ಮಾತ್ರ ಸುಳ್ಳಲ್ಲ. ಮುಖವಿಡಲು ತೂತಿದ್ದ ಉದ್ದನೆಯ ಮೇಜಿನ ಮೇಲೆ ಯಾರನ್ನಾದರೂ ಬೋರಲು ಮಲಗಿಸಿ, ಕುತ್ತಿಗೆಯಿಂದ ಸೊಂಟದವರೆಗೆ ಒಮ್ಮೆ ಹೆಬ್ಬೆರಳು ಎಳೆದರೆ ಸಾಕು, ಗಂಟು ಕಟ್ಟಿದ ಜಾಗ ಬಂದಾಗ ಅದು ತಾನಾಗಿ ನಿಲ್ಲುತ್ತಿತ್ತು. ಒತ್ತಿ, ತಿಕ್ಕಿ, ಸಡಿಲಿಸಿ, ಕೊನೆಗೆ ಮಗ್ಗುಲಿಗೆ ತಿರುಗಿಸಿ ಒಂದು ಪಟ್ಟು ಹಾಕಿದರೆ ‘ಟಕ್’ ಎಂದು ಸದ್ದಾಗುತ್ತಿತ್ತು. ನರಳುತ್ತ ಬಂದವರು ನಗುತ್ತ ಎದ್ದು ಕೂರುತ್ತಿದ್ದರು. ಅಲ್ಲಿಗೇ ಬಿಟ್ಟಿದ್ದರೆ ಹೇಳಲು ಕತೆಯೇ ಇರುತ್ತಿರಲಿಲ್ಲ.

ಕೈ ಇಳಿಸಿದ ಭಾರವನ್ನು ಅವರ ನಾಲಿಗೆ ಮತ್ತೆ ಹೊರಿಸುತ್ತಿತ್ತು. ಮೇಜಿನ ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ಬೆನ್ನುಮೂಳೆಯೊಂದು ತೂಗಾಡುತ್ತಿತ್ತು. ಮೂಳೆ ಮೂಳೆಗಳ ನಡುವೆ ಬಿಲ್ಲೆಯಂಥ ಡಿಸ್ಕುಗಳು. ಅವುಗಳಲ್ಲೊಂದಕ್ಕೆ ರಕ್ತದಂಥ ಕೆಂಪು ಬಣ್ಣ. ಅದನ್ನು ತೋರಿಸಿ ಹೇಳುತ್ತಿದ್ದರು:

“ನೋಡಿ, ಇದು ಡಿಸ್ಕು. ಮೆತ್ತಗೆ, ನೀರು ತುಂಬ್ಕೊಂಡು ಇರ್ಬೇಕು. ನಿಮ್ಮದು ಒಣಗಿ ಚಕ್ಕಳ ಆಗಿದೆ. ಈಗೇನೋ ಕೂರಿಸಿದೀನಿ. ಇನ್ನೊಂದ್ಸಲ ಬಗ್ಗಿ ಏನಾದ್ರೂ ಎತ್ತಿದ್ರೋ, ಮುಗೀತು. ಆಮೇಲೆ ನನ್ನನ್ನ ಕೇಳ್ಬೇಡಿ.”

ಏನು ಮುಗಿಯುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಹೀಗಾಗಿ ಆ ಪೇಟೆಯ ಅರ್ಧದಷ್ಟು ಜನ ತುಂಬಿದ ಕೊಡ ಹೊತ್ತವರ ಹಾಗೆ ನಡೆಯುತ್ತಿದ್ದರು. ಬಿದ್ದ ಪೆನ್ನನ್ನು ಕಾಲ್ಬೆರಳಲ್ಲೇ ಎತ್ತಲು ಕಲಿತವರಿದ್ದರು. ಬೂಟಿನ ದಾರ ಕಟ್ಟಿಸಿಕೊಳ್ಳಲು ಹೆಂಡತಿಯನ್ನು ಕೂಗುವ ಬ್ಯಾಂಕ್ ಮ್ಯಾನೇಜರ್ ಒಬ್ಬರಿದ್ದರು. ದಾರಿಯಲ್ಲಿ ಇಬ್ಬರು ಎದುರಾದರೆ ಮಕ್ಕಳುಮರಿಗಳ ಕ್ಷೇಮಕ್ಕೂ ಮೊದಲು “ನಿಮ್ಮದು ಎಷ್ಟನೇ ಡಿಸ್ಕು?” ಎಂದು ವಿಚಾರಿಸಿಕೊಳ್ಳುತ್ತಿದ್ದರು.

ಇವರೆಲ್ಲರಲ್ಲಿ ಅತಿ ವಿಧೇಯರೆಂದರೆ ಪೋಸ್ಟ್‌ಮ್ಯಾನ್. ಒಂಬತ್ತು ವರ್ಷದ ಹಿಂದೆ ಟಪಾಲಿನ ಚೀಲ ಎತ್ತುವಾಗ ಬೆನ್ನು ಹಿಡಿದುಕೊಂಡು ಬಂದಿದ್ದರು. ಮೂರೇ ಸಲದ ಚಿಕಿತ್ಸೆಯಲ್ಲಿ ನೋವು ಹೋಯಿತು. ನಾಲ್ಕನೆಯ ಸಲ ಡಾಕ್ಟರು, “ಇನ್ಮೇಲೆ ಸೈಕಲ್ ಮುಟ್ಟಬೇಡಿ. ಎರಡು ಕಿಲೋ ಮೇಲೆ ಏನೂ ಎತ್ತಬೇಡಿ” ಎಂದರು. ಮಾರನೆಯ ದಿನವೇ ಪೋಸ್ಟ್‌ಮ್ಯಾನ್ ಬೀದಿ ಕೆಲಸ ಬಿಟ್ಟು, ಕಚೇರಿಯೊಳಗೆ ಮುದ್ರೆ ಒತ್ತುವ ಮೇಜಿಗೆ ಬದಲಾಯಿಸಿಕೊಂಡರು. ಅಲ್ಲಿಂದಲೇ ನಿವೃತ್ತರೂ ಆದರು. ಅವರ ಹೆಂಡತಿ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವರು. ದಿನವಿಡೀ ಹಂಡೆಯಂಥ ಪಾತ್ರೆ ಇಳಿಸಿ ಹತ್ತಿಸಿ, ಸಂಜೆ ಮಾರುಕಟ್ಟೆಯಿಂದ ಎರಡೂ ಕೈಯಲ್ಲಿ ಚೀಲ ಹೊತ್ತು ಬರುತ್ತಿದ್ದರು. ಹಿಂದೆ ಪೋಸ್ಟ್‌ಮ್ಯಾನ್ ಛತ್ರಿ ಹಿಡಿದು ಬರುತ್ತಿದ್ದರು. ಛತ್ರಿ ಎರಡು ಕಿಲೋಗಿಂತ ಕಡಿಮೆಯೆಂದು ತೂಗಿಸಿ ಖಾತ್ರಿ ಮಾಡಿಕೊಂಡಿದ್ದರು. ನೋವಿರಲಿ ಬಿಡಲಿ, ತಿಂಗಳ ಮೊದಲ ಸೋಮವಾರ ಬಂದು, ಡಿಸ್ಕು ಇದ್ದಲ್ಲೇ ಇದೆಯೇ ಎಂದು ನೋಡಿಸಿಕೊಂಡು ಹೋಗುತ್ತಿದ್ದರು.

ಡಾಕ್ಟರ ಒಬ್ಬಳೇ ಮಗಳು ಸ್ಕ್ಯಾನ್ ಸೆಂಟರಿನಲ್ಲಿ ಯಂತ್ರ ನಡೆಸುವ ಕೆಲಸದಲ್ಲಿದ್ದಳು. ಆ ವರ್ಷ ಅಲ್ಲಿಗೆ ಹೊಸ ಯಂತ್ರ ಬಂತು. ರೋಗಿಗಳನ್ನು ಒಳಗೆ ಮಲಗಿಸುವ ಮೊದಲು ನಾಲ್ಕೈದು ಆರೋಗ್ಯವಂತರನ್ನು ಮಲಗಿಸಿ, ಚಿತ್ರ ಸರಿಯಾಗಿ ಬರುತ್ತದೆಯೇ ನೋಡಬೇಕಿತ್ತು. ಒಮ್ಮೆ ಅಪ್ಪನ ಮನೆಗೆ ಊಟಕ್ಕೆ ಬಂದಿದ್ದಾಗ ಅವಳು ಈ ಮಾತೆತ್ತಿದ್ದೇ ತಡ, ಡಾಕ್ಟರು ತಟ್ಟೆಯಿಂದ ತಲೆ ಎತ್ತಿದರು.

“ನನ್ನ ಬೆನ್ನು ತಗೋ.”

“ಯಾರದ್ದಾದ್ರೂ ಆಗುತ್ತೆ ಅಪ್ಪ. ಆಫೀಸಲ್ಲೇ ಜನ ಇದಾರೆ.”

“ಯಾರದ್ದೋ ಬೆನ್ನೂ ನನ್ನ ಬೆನ್ನೂ ಒಂದೇನಾ? ಐವತ್ತೆಂಟು ವರ್ಷ ಆಯ್ತು, ಒಂದು ದಿನ ನೋವು ಅಂದಿಲ್ಲ. ಮೂವತ್ತು ವರ್ಷದವನ ಬೆನ್ನು ಇದು. ಚಿತ್ರಾನ ದೊಡ್ಡದಾಗಿ ತೆಗ್ಸು. ಜನ ಕಾಯೋ ಕೋಣೇಲಿ ನೇತು ಹಾಕ್ತೀನಿ. ಸರಿಯಾದ ಬೆನ್ನು ಅಂದ್ರೆ ಹೇಗಿರುತ್ತೆ ಅಂತ ಕಣ್ಣಾರೆ ನೋಡ್ಲಿ.”

ಡಾಕ್ಟರ ಹೆಂಡತಿ ಚಿಕಿತ್ಸಾಲಯದ ಮುಂದಿನ ಕೋಣೆಯಲ್ಲಿ ಕೂತು, ಬರುವವರ ಸರದಿ ಬರೆದುಕೊಳ್ಳುವವರು. ತೆಳ್ಳನೆಯ ಮರದ ತಡಿಕೆಯಾಚೆ ನಡೆಯುವ ಮಾತನ್ನೆಲ್ಲ ಇಪ್ಪತ್ತೆಂಟು ವರ್ಷದಿಂದ ಕೇಳಿಸಿಕೊಂಡು ಬಂದಿದ್ದವರು. “ಇರಲಾರದೆ ಇರುವೆ ಬಿಟ್ಕೊಂಡ ಹಾಗಾಯ್ತು. ಸುಮ್ನಿರೋ ಬೆನ್ನನ್ನ ಯಾಕ್ರೀ ಕೆದಕ್ತೀರಾ?” ಎಂದರು. ಅಷ್ಟು ಹೊತ್ತಿಗೆ ಡಾಕ್ಟರು ಬಡಗಿಗೆ ಫೋನು ಮಾಡಿ ಚೌಕಟ್ಟಿನ ಅಳತೆ ಹೇಳುತ್ತಿದ್ದರು.

ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆಗೆ, ಒಬ್ಬ ರೋಗಿ ಹೋಗಿ ಇನ್ನೊಬ್ಬರು ಬರುವ ನಡುವೆ, ಸ್ಕ್ಯಾನಿನ ರಿಪೋರ್ಟು ಅವರ ಫೋನಿಗೆ ಬಂತು. ಅದನ್ನು ಬರೆದ ವೈದ್ಯರು ಬೇರೆ ಯಾವುದೋ ಊರಿನಲ್ಲಿ ಕೂತು ದಿನಕ್ಕೆ ನೂರು ಬೆನ್ನಿನ ಚಿತ್ರ ನೋಡುವವರು. ಇದು ಹೆಬ್ಬೆರಳು ಡಾಕ್ಟರ ಬೆನ್ನು ಎಂದು ಅವರಿಗೆ ಯಾರೂ ಹೇಳಿರಲಿಲ್ಲವಾದ್ದರಿಂದ ಕಂಡದ್ದನ್ನು ಕಂಡ ಹಾಗೆ ಬರೆದಿದ್ದರು. ವಯಸ್ಸಿಗೆ ಸಂಬಂಧಿಸಿದ ಸವೆತ. ಸೊಂಟದ ಡಿಸ್ಕುಗಳಲ್ಲಿ ನೀರಿನಂಶ ಕಡಿಮೆ. ಎರಡು ಮತ್ತು ಮೂರನೆಯ ಮೂಳೆಗಳ ನಡುವೆ ಡಿಸ್ಕು ಉಬ್ಬಿದೆ.

ಡಾಕ್ಟರು ನಿಂತು ಓದಿದರು. ಕೂತು ಓದಿದರು. ಆಮೇಲೆ ಮಗಳಿಗೆ ಫೋನು ಮಾಡಿದರು.

“ಯಾರದ್ದೋ ರಿಪೋರ್ಟು ನಂಗೆ ಬಂದಿದೆ.”

“ನಿಂದೇ ಅಪ್ಪ. ಹುಟ್ಟಿದ ತಾರೀಖು ನೋಡು.”

“ಯಂತ್ರ ಹೊಸದು. ಇನ್ನೂ ಪಳಗಿಲ್ಲ.”

“ಯಂತ್ರಾನೂ ಚೆನ್ನಾಗಿದೆ, ನಿನ್ನ ಬೆನ್ನೂ ಚೆನ್ನಾಗಿದೆ. ಈ ವಯಸ್ಸಿಗೆ ಸವೆಯದೆ ಇದ್ದಿದ್ರೇ ಆಶ್ಚರ್ಯ. ತಲೆಕೂದಲು ಬೆಳ್ಳಗಾಗಿದೆಯಲ್ಲ, ಅದಕ್ಕೆ ತಲೆ ನೋಯುತ್ತಾ?”

“ಕೂದಲೂ ಡಿಸ್ಕೂ ಒಂದೇನೇ? ಒಣಗಿದೆ ಅಂತ ಬರೆದಿದಾರೆ ಕಣೇ!”

“ದಿನಾ ಹತ್ತು ಜನಕ್ಕೆ ನೀನೂ ಅದನ್ನೇ ಹೇಳ್ತೀಯಲ್ಲಪ್ಪ.”

“ಅವ್ರಿಗೆ ಒಣಗಿರುತ್ತೆ,” ಎಂದು ಡಾಕ್ಟರು ಫೋನಿಟ್ಟರು.

ಫೋನಿಟ್ಟು ಎದ್ದಾಗ ಸೊಂಟದ ಮೇಲ್ಭಾಗದಲ್ಲಿ, ಸರಿಯಾಗಿ ಎರಡು ಮತ್ತು ಮೂರರ ನಡುವೆ, ಯಾರೋ ಬೆರಳಿಟ್ಟಂತಾಯಿತು. ಮಧ್ಯಾಹ್ನದ ಹೊತ್ತಿಗೆ ಬೆರಳು ಮುಷ್ಟಿಯಾಯಿತು. ಸಂಜೆ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು.

“ಏನಾಯ್ತ್ರೀ? ಬೆಳಿಗ್ಗೆ ಚೆನ್ನಾಗೇ ಇದ್ರಲ್ಲ?” ಎಂದರು ಹೆಂಡತಿ.

“ಬೆಳಿಗ್ಗೆ ಗೊತ್ತಿರಲಿಲ್ಲ,” ಎಂದರು ಡಾಕ್ಟರು.

ಮನೆಯಲ್ಲಿ ಅವರು ತಮಗೆ ತಾವೇ ಹೆಬ್ಬೆರಳು ಡಾಕ್ಟರಾದರು. ಹಾಸಿಗೆ ಬಿಟ್ಟು ಹಲಗೆಯ ಮೇಲೆ ಮಲಗಿದರು. ಬಗ್ಗಿ ಮುಖ ತೊಳೆಯುವುದನ್ನು ನಿಲ್ಲಿಸಿ, ನೆಟ್ಟಗೆ ನಿಂತು ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡರು. ಕೆಳಗಿನ ಕಪಾಟಿನ ಸಾಮಾನೆಲ್ಲ ಸೊಂಟದ ಎತ್ತರಕ್ಕೆ ಏರಿತು. ಸೊಂಟದ ಎತ್ತರದಲ್ಲಿದ್ದ ಹೆಂಡತಿಯ ಪುಸ್ತಕಗಳು ಮಂಚದ ಕೆಳಗೆ ಹೋದವು. ತಿಂದ ತಟ್ಟೆಯನ್ನೂ ಎತ್ತಲಿಲ್ಲ. “ಮಾಡಿದ್ದುಣ್ಣೋ ಮಹರಾಯ ಅಂದುಬಿಡಬಹುದಿತ್ತು. ಆದ್ರೆ ಬಡಿಸಬೇಕಾದವಳು ನಾನೇ ಅಲ್ವಾ!” ಎಂದು ಹೆಂಡತಿ ಫೋನಿನಲ್ಲಿ ಮಗಳ ಹತ್ತಿರ ಗೊಣಗಿದರು. ಗುರುವಾರ ಬಡಗಿ ಚೌಕಟ್ಟು ತಂದುಕೊಟ್ಟ. ಹಾಕಲು ಚಿತ್ರವಿಲ್ಲದೆ ಅದು ಎರಡು ದಿನ ಗೋಡೆಗೆ ಒರಗಿ ನಿಂತಿತ್ತು. ಆಮೇಲೆ ಹೆಂಡತಿ ಅದರಲ್ಲಿ ‘ದಯವಿಟ್ಟು ಫೋನಿನಲ್ಲಿ ಮೆಲ್ಲಗೆ ಮಾತಾಡಿ’ ಎಂಬ ಕಾಗದ ಸೇರಿಸಿ ಕಾಯುವ ಕೋಣೆಯಲ್ಲಿ ಮೊಳೆ ಹೊಡೆದರು.

ಶನಿವಾರ ಮಗಳ ಫೋನು ಬಂತು.

“ಅಪ್ಪ, ಸಣ್ಣ ತಿದ್ದುಪಡಿ. ರಿಪೋರ್ಟು ಟೈಪ್ ಮಾಡೋವಾಗ ತಪ್ಪಾಗಿದೆಯಂತೆ. ಉಬ್ಬಿರೋದು ಎರಡು-ಮೂರರ ನಡುವೆ ಅಲ್ಲ, ನಾಲ್ಕು-ಐದು.”

ಡಾಕ್ಟರು “ಹೂಂ” ಎಂದಷ್ಟೇ ಹೇಳಿದರು. ಮಾರನೆಯ ಸಂಜೆ ಹೆಂಡತಿ ಎಂದಿನ ಜಾಗಕ್ಕೆ ಮುಲಾಮು ಹಚ್ಚತೊಡಗಿದಾಗ, “ಅಲ್ಲಲ್ಲ, ಇನ್ನೂ ಕೆಳಗೆ” ಎಂದರು.

“ನಿನ್ನೆವರೆಗೂ ಇಲ್ಲೇ ಅಂತಿದ್ರಿ?”

“ಇಳಿದಿದೆ.”

ಹೆಂಡತಿ ಕೈ ಒರೆಸಿಕೊಂಡು ಅಡುಗೆಮನೆಗೆ ಹೋಗಿ ಮಗಳಿಗೆ ಫೋನು ಹಚ್ಚಿದರು. “ವಿಳಾಸ ತಿದ್ದಿದ ತಕ್ಷಣ ನೋವು ಅಲ್ಲಿಗೆ ಹೋಗಿ ಮುಟ್ಟಿದೆ ಕಣೇ. ಈಗೇನು ಮಾಡೋದು?”

ಮಗಳು ನಕ್ಕು ಸುಸ್ತಾಗಿ, ಆಮೇಲೆ ಯೋಚಿಸಿ ಹೇಳಿದಳು: “ಸೇತುವೆ ಅಕ್ಕನ ಹತ್ರ ಕಳ್ಸಮ್ಮ.”

ಸೇತುವೆ ಅಕ್ಕ ಎಂದರೆ ನದಿಯ ಆಚೆ ದಡದಲ್ಲಿ ಇದೇ ಕೈಚಿಕಿತ್ಸೆ ಮಾಡುತ್ತಿದ್ದ ಹೆಂಗಸು. ಹದಿನೈದು ವರ್ಷಗಳಿಂದ ಡಾಕ್ಟರು ಆಕೆಯನ್ನು ‘ಹಿಟ್ಟು ನಾದೋಳು’ ಎಂದೇ ಕರೆದುಕೊಂಡು ಬಂದಿದ್ದರು. ಆಕೆಯ ಕೈಯಲ್ಲಿ ಟಕ್ ಎನ್ನುವ ಸದ್ದೇ ಬರುವುದಿಲ್ಲ ಎಂಬುದು ಅವರ ದೊಡ್ಡ ಆಕ್ಷೇಪಣೆ. ಹೆಂಡತಿ ಆ ಹೆಸರೆತ್ತಿದಾಗ, “ಬೆನ್ನು ಮುರಿದು ಎರಡಾದ್ರೂ ಅಲ್ಲಿ ಕಾಲಿಡಲ್ಲ” ಎಂದುಬಿಟ್ಟರು.

ಮಾರನೆಯ ದಿನ ತಿಂಗಳ ಮೊದಲ ಸೋಮವಾರ. ಡಾಕ್ಟರು ಅಂಗಿಯ ಒಳಗೆ ಸೊಂಟದ ಬೆಲ್ಟು ಬಿಗಿದುಕೊಂಡು ಕೆಲಸಕ್ಕೆ ಬಂದರು. ಕೊಕ್ಕೆಯಿಲ್ಲದೆ, ಅಂಟಿಸಿ ಕೀಳುವ ಪಟ್ಟಿಯಿರುವ ಬೆಲ್ಟು. ಬೆನ್ನು ಡಾಕ್ಟರಿಗೇ ಬೆನ್ನು ನೋವೆಂದು ಗೊತ್ತಾದರೆ ಊರು ಸುಮ್ಮನಿದ್ದೀತೇ? ಪೋಸ್ಟ್‌ಮ್ಯಾನ್ ಎಂದಿನಂತೆ ಬಂದು ಮೇಜಿನ ಮೇಲೆ ಬೋರಲು ಮಲಗಿದರು. ಡಾಕ್ಟರು ಅಳುಕುತ್ತ ಬಗ್ಗಿ, ಹೆಬ್ಬೆರಳಿಟ್ಟು, ಮೈಭಾರ ಬಿಟ್ಟರು. ಬೆಲ್ಟಿನ ಪಟ್ಟಿ ಕಿತ್ತುಕೊಂಡು ‘ಚರ್‌ರ್‌ರ್’ ಎಂದು ಕೋಣೆ ತುಂಬ ಸದ್ದಾಯಿತು.

ತೂತಿನೊಳಗಿಂದ ಪೋಸ್ಟ್‌ಮ್ಯಾನ್‌ರ ದನಿ ನಡುಗುತ್ತ ಬಂತು. “ಡಾಕ್ಟ್ರೇ... ಅದು ನನ್ನ ಬೆನ್ನಾ?”

ಡಾಕ್ಟರು ಒಂದು ಕ್ಷಣ ಯೋಚಿಸಿದರು. “ಹೂಂ. ಬಹಳ ದಿನದಿಂದ ಅಂಟ್ಕೊಂಡಿತ್ತು. ಬಿಡ್ತು.”

ಪೋಸ್ಟ್‌ಮ್ಯಾನ್ ಎದ್ದು ಕೂತು ಆಚೀಚೆ ತಿರುಗಿ ನೋಡಿದರು. ಅವರ ಕಣ್ಣಲ್ಲಿ ನೀರಾಡಿತು. “ಒಂಬತ್ತು ವರ್ಷದಲ್ಲಿ ಇಷ್ಟು ಹಗುರ ಅನ್ಸಿರಲಿಲ್ಲ ಡಾಕ್ಟ್ರೇ. ಮುಂದಿನ ಸಲವೂ ಅದನ್ನೇ ಮಾಡಿ,” ಎಂದು ಕೈಮುಗಿದು ಹೋದರು. ತಡಿಕೆಯಾಚೆ ಹೆಂಡತಿಗೆ ಕೆಮ್ಮು ಬಂತು. ಡಾಕ್ಟರು ಗೋಡೆಯ ಕಡೆಗೆ ತಿರುಗಿ ಬೆಲ್ಟು ಬಿಗಿದುಕೊಂಡರು. ಅವತ್ತು ಅವರಿಗೆ ತಮ್ಮ ಮೇಲೆಯೇ ಸ್ವಲ್ಪ ಹೇಸಿಗೆಯಾಯಿತು. ಆದರೆ ನೋವು ಅದಕ್ಕಿಂತ ದೊಡ್ಡದಿತ್ತು.

ಬುಧವಾರ ಮಧ್ಯಾಹ್ನ ರಜೆ. ಡಾಕ್ಟರು ಹಳೆಯ ಅಂಗಿ, ಕಿವಿಯವರೆಗೆ ಬರುವ ಟೋಪಿ ಹಾಕಿಕೊಂಡು “ವಾಕಿಂಗ್ ಹೋಗಿ ಬರ್ತೀನಿ” ಎಂದರು. “ಸೇತುವೆ ಮೇಲೆ ಗಾಳಿ ಜಾಸ್ತಿ, ಟೋಪಿ ಹಾರೀತು,” ಎಂದರು ಹೆಂಡತಿ, ಪುಸ್ತಕದಿಂದ ತಲೆ ಎತ್ತದೆ.

ಸೇತುವೆ ಅಕ್ಕನ ಚಿಕಿತ್ಸಾಲಯ ಮೊದಲು ಟಯರ್ ಅಂಗಡಿಯಾಗಿದ್ದ ನೆಲಮಹಡಿಯ ಕೋಣೆ. ರಬ್ಬರಿನ ವಾಸನೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಒಂದು ಮೇಜು, ಒಂದು ಸ್ಟೂಲು, ಕಿಟಕಿಯಲ್ಲಿ ಒಣಗಲು ಹಾಕಿದ್ದ ಟವೆಲ್ಲುಗಳು. ಗೋಡೆಯಲ್ಲಿ ಒಂದು ಮೂಳೆಯ ಚಿತ್ರವೂ ಇರಲಿಲ್ಲ. ಬೆಂಚಿನ ಮೇಲೆ ಕಾಯುತ್ತಿದ್ದ ಮೂವರು ನೆಂಟರ ಮದುವೆಯ ವಿಚಾರ ಮಾತಾಡಿಕೊಳ್ಳುತ್ತಿದ್ದರು. ಒಬ್ಬರಾದರೂ ಡಿಸ್ಕಿನ ಹೆಸರೆತ್ತಲಿಲ್ಲ. ಇದೆಂಥ ಬೆನ್ನಿನ ಜಾಗ ಎಂದು ಡಾಕ್ಟರಿಗೆ ಕಸಿವಿಸಿಯಾಯಿತು.

ಸೇತುವೆ ಅಕ್ಕನಿಗೆ ಐವತ್ತು ದಾಟಿರಬಹುದು. ತೋಳು ಮಡಚಿದ ಅಂಗಿ, ಕತ್ತರಿಸಿದ ಕೂದಲು, ಆತುರವಿಲ್ಲದ ಮಾತು.

“ಏನು ಕೆಲಸ ಮಾಡ್ತೀರಿ?”

“ಗಡಿಯಾರ ರಿಪೇರಿ.”

“ಸರಿ. ನೋವು ಕಾಲಿಗೆ ಇಳಿಯುತ್ತಾ? ಜೋಮು ಹಿಡಿಯುತ್ತಾ?”

“ಇಲ್ಲ.”

“ಕಾಲು ಸೋಲುತ್ತಾ? ಮೂತ್ರ ಕಟ್ಟೋದು, ತಡೆಯಕ್ಕಾಗದೆ ಹೋಗೋದು?”

“ಅದೇನಿಲ್ಲ.”

“ಜ್ವರ? ಮೈತೂಕ ಇಳಿದಿದೆಯಾ?”

“ಇಲ್ಲ.” ಒಂದೊಂದು ಇಲ್ಲಕ್ಕೂ ಡಾಕ್ಟರಿಗೆ ಪರೀಕ್ಷೆಯಲ್ಲಿ ಅಂಕ ಕಳೆದುಕೊಂಡಂತೆ ಅನ್ನಿಸಿತು.

“ಯಾವಾಗ ಶುರುವಾಯ್ತು?”

“ಹೋದ ಮಂಗಳವಾರ. ಹನ್ನೊಂದೂವರೆಗೆ.”

“ಅಷ್ಟು ಸರಿಯಾಗಿ ನೆನಪಿದೆಯಾ? ಆಗ ಏನು ಮಾಡ್ತಿದ್ರಿ? ಏನಾದ್ರೂ ಎತ್ತಿದ್ರಾ?”

“ಇಲ್ಲ. ಓದ್ತಿದ್ದೆ.”

“ಏನು ಓದ್ತಿದ್ರಿ?”

ಡಾಕ್ಟರು ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡರು. “ರಿಪೋರ್ಟು,” ಎಂದರು.

ಸೇತುವೆ ಅಕ್ಕ ನಗಲಿಲ್ಲ. ಮಲಗಿಸಿ, ಸುಮಾರು ಅರ್ಧ ಗಂಟೆ ಬೆನ್ನಿನ ಮೇಲೆ ಕೈಯಾಡಿಸಿದರು. ಒಳ್ಳೆಯ ಕೈ ಎಂದು ಡಾಕ್ಟರ ಬೆನ್ನು ಒಪ್ಪಿಕೊಂಡಿತು, ಡಾಕ್ಟರು ಒಪ್ಪಿಕೊಳ್ಳಲಿಲ್ಲ. ಟಕ್ ಎನ್ನುವ ಸದ್ದಿಗೆ ಕಾದರು. ಅದು ಬರಲೇ ಇಲ್ಲ.

“ಏಳಿ. ಸ್ನಾಯು ಬಿಗಿದುಕೊಂಡಿದೆ, ಅಷ್ಟೆ. ಹೆದರಿಕೊಂಡವರ ಬೆನ್ನು ಹೀಗೇ ಇರುತ್ತೆ. ನಡೀರಿ, ಬಗ್ಗಿ, ಕೆಲಸ ಮಾಡಿ. ಆ ಬೆಲ್ಟು ಬಿಚ್ಚಿ ಮನೇಲಿಡಿ.”

“ಡಿಸ್ಕು ಜಾರಿಲ್ವಾ?”

“ಎಲ್ಲಿಗೆ ಜಾರುತ್ತೆ? ಅದೇನು ಸಾಬೂನಾ? ಸವೆದಿದೆ. ನನ್ನದೂ ಸವೆದಿದೆ. ಚಪ್ಪಲಿ ಸವೆಯಲ್ವಾ, ಹಾಗೆ.”

“ಹತ್ತು ಸಲವಾದ್ರೂ ಬರ್ಬೇಕಲ್ವಾ?”

“ಯಾಕೆ?”

ಇಪ್ಪತ್ತೆಂಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಇಷ್ಟು ದೊಡ್ಡ ನೋವನ್ನು ಹೊತ್ತು ಸೇತುವೆ ದಾಟಿ ಬಂದರೆ ಬರಿಗೈಯಲ್ಲಿ ಕಳಿಸುತ್ತಾಳಲ್ಲ ಎಂದು ಅವಮಾನವಾಯಿತು. “ನಿಮಗೆ ಈ ಕೆಲಸ ಗೊತ್ತಿಲ್ಲ,” ಎಂದು ಟೋಪಿ ಎತ್ತಿಕೊಂಡರು.

ಆಗ ಆಕೆ ಟವೆಲ್ಲು ಮಡಚುತ್ತಲೇ ಹೇಳಿದರು: “ಗಡಿಯಾರ ರಿಪೇರಿಯವರಿಗೆ ಹೆಬ್ಬೆರಳು ಹಿಂದಕ್ಕೆ ಬಾಗಿರಲ್ಲ ಸಾರ್. ನನ್ನದೂ ಹಾಗೇ ಇದೆ ನೋಡಿ. ನಿಮ್ಮ ಹತ್ರ ಬಂದು ಆಮೇಲೆ ನನ್ನ ಹತ್ರ ಬಂದವರು ಎಷ್ಟೋ ಜನ ಇದಾರೆ. ಬೆನ್ನಿಗೆ ನೀವು ಒಳ್ಳೇದೇ ಮಾಡಿರ್ತೀರಿ, ಅದಕ್ಕೆ ನಾನು ಮಾಡೋದೇನೂ ಉಳಿದಿರಲ್ಲ. ನೀವು ಆಡಿದ ಮಾತನ್ನ ತೆಗೆಯೋದಕ್ಕೇ ನನಗೆ ಆರು ತಿಂಗಳು ಬೇಕು.”

ಡಾಕ್ಟರು ಸರಸರನೆ ಹೊರಗೆ ಬಂದರು. ಉತ್ತರವೆಲ್ಲ ರಸ್ತೆಗೆ ಬಂದ ಮೇಲೆ ಹೊಳೆಯಿತು. ಗೋಡೆಯಲ್ಲಿ ಒಂದು ಚಿತ್ರವಿಲ್ಲ, ನನಗೆ ಬುದ್ಧಿ ಹೇಳ್ತಾಳೆ. ಟಯರ್ ಅಂಗಡಿಯಲ್ಲಿ ಕೂತು ಡಿಸ್ಕಿಗೂ ಚಪ್ಪಲಿಗೂ ಹೋಲಿಕೆ ಕೊಡ್ತಾಳೆ. ಹೀಗೆ ಬೈದುಕೊಳ್ಳುತ್ತ ನಡೆಯುವಾಗ ಅವರ ಬಸ್ಸು ಮುಂದಿನ ನಿಲ್ದಾಣದಿಂದ ಹೊರಡುತ್ತಿತ್ತು. ಅದು ಹೋದರೆ ಇನ್ನು ಮುಕ್ಕಾಲು ಗಂಟೆ ಬಸ್ಸಿಲ್ಲ. ಡಾಕ್ಟರು ಟೋಪಿ ಕೈಯಲ್ಲಿ ಹಿಡಿದು ಓಡಿದರು. ಚರಂಡಿ ಹಾರಿದರು, ಕಂಬಿ ಹಿಡಿದು ಮೇಲೆ ನೆಗೆದರು, ಜಾಗ ಸಿಕ್ಕಿತೆಂದು ದೊಪ್ಪನೆ ಕೂತರು. ಆಕೆಯನ್ನು ಬೈಯುವುದು ಇನ್ನೂ ಬಾಕಿಯಿತ್ತು. ಮೂರು ನಿಲ್ದಾಣದವರೆಗೂ ಬೈದರು. ಮೂರನೆಯ ನಿಲ್ದಾಣದಲ್ಲಿ ತಮಗೊಂದು ಬೆನ್ನಿದೆ ಎಂಬುದು ನೆನಪಾಯಿತು.

ಮೆಲ್ಲಗೆ ಕೈ ಹಿಂದಕ್ಕೆ ಒಯ್ದು ಮುಟ್ಟಿ ನೋಡಿಕೊಂಡರು. ನೋವು ಅಲ್ಲೇ ಇತ್ತು, ಆದರೆ ಬೆಳಿಗ್ಗೆಯಿಂದ ಇದ್ದ ಯಜಮಾನಿಕೆ ಅದಕ್ಕಿರಲಿಲ್ಲ. ಡಾಕ್ಟರಿಗೆ ಸಂತೋಷವಾಗಲಿಲ್ಲ. ಬಿಗಿದುಕೊಂಡ ಬೆನ್ನನ್ನು ಸಡಿಲಿಸಿ ಕಳಿಸಿದವರು ಬಾಗಿಲು ದಾಟುವಷ್ಟರಲ್ಲಿ ಮತ್ತೆ ಬಿಗಿದುಕೊಳ್ಳುವ ಹಾಗೆ ಮಾತಾಡ್ತಿದ್ದೆನಲ್ಲ, ಎಷ್ಟು ಜನಕ್ಕೆ ಮಾಡಿದೆ ಎಂದು ಲೆಕ್ಕ ಹಾಕಲು ಹೋಗಿ, ಮಧ್ಯದಲ್ಲೇ ಬಿಟ್ಟರು. ಪೋಸ್ಟ್‌ಮ್ಯಾನ್ ಮಾತ್ರ ಕಣ್ಣ ಮುಂದೆ ನಿಂತರು, ಕೈಯಲ್ಲಿ ಛತ್ರಿ ಹಿಡಿದುಕೊಂಡು.

ಮನೆಗೆ ಬಂದು ಬೆಲ್ಟು ಬಿಚ್ಚಿ ಮಂಚದ ಕೆಳಗೆ ತಳ್ಳಿದರು. ಅದಕ್ಕಾಗಿ ಬಗ್ಗಿದ್ದನ್ನು ಹೆಂಡತಿ ನೋಡಿದರು. ತಮ್ಮ ಪುಸ್ತಕಗಳನ್ನು ಹೊರಗೆ ಎಳೆದು ಮತ್ತೆ ಕಪಾಟಿಗೆ ಜೋಡಿಸತೊಡಗಿದರು.

ಗುರುವಾರ ಬೆಳಿಗ್ಗೆ ಡಾಕ್ಟರು ಪೋಸ್ಟ್‌ಮ್ಯಾನ್‌ರನ್ನು ಕರೆಸಿದರು. ತಾರೀಖಲ್ಲದ ತಾರೀಖಿಗೆ ಕರೆ ಬಂದದ್ದರಿಂದ ಅವರು ಕೆಟ್ಟ ಸುದ್ದಿಯೇ ಇರಬೇಕೆಂದು ಮುಖ ಬಿಳಿಚಿಕೊಂಡು ಬಂದರು. ಹೆಂಡತಿಯನ್ನೂ ಜೊತೆಗೆ ಕರೆತಂದಿದ್ದರು. ಆಕೆ ಮುಂದಿನ ಕೋಣೆಯಲ್ಲಿ ಕೂತರು.

“ನೋಡಿ, ನಿಮ್ಮ ಬೆನ್ನಿಗೆ ಏನೂ ಆಗಿಲ್ಲ,” ಎಂದರು ಡಾಕ್ಟರು. “ವಯಸ್ಸಿಗೆ ತಕ್ಕ ಹಾಗೆ ಸವೆದಿರುತ್ತೆ, ಅಷ್ಟೆ. ಒಂಬತ್ತು ವರ್ಷದ ಹಿಂದೆ ಒಂದು ಉಳುಕು ಆಗಿತ್ತು. ಅದು ಆಗಲೇ ಹೋಯ್ತು. ನೀವು ಬಗ್ಗಬಹುದು, ಎತ್ತಬಹುದು. ಸ್ವಲ್ಪ ಸ್ವಲ್ಪ ಶುರು ಮಾಡಿ, ಆಮೇಲೆ ಜಾಸ್ತಿ ಮಾಡ್ತಾ ಹೋಗಿ. ಮೊನ್ನೆ ಆದ ಸದ್ದೂ ನಿಮ್ಮದಲ್ಲ. ನನ್ನ ಬೆಲ್ಟಿಂದು.”

ಪೋಸ್ಟ್‌ಮ್ಯಾನ್ ಕುಣಿದಾಡಬಹುದು ಎಂದು ಡಾಕ್ಟರು ಅಂದುಕೊಂಡಿದ್ದರು. ಅವರು ಕುಣಿಯಲಿಲ್ಲ, ಕಿಡಿಕಿಡಿಯಾದರು.

“ಏನ್ರೀ ಇದು? ಒಂಬತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡ್ಕೊಂಡು ಬಂದಿದೀನಿ. ಇವತ್ತು ಏನೂ ಇಲ್ಲ ಅಂತೀರಾ? ಏನೂ ಇಲ್ದೇನೆ ಕೆಂಪು ಡಿಸ್ಕು ತೋರಿಸಿದ್ರಾ?”

“ತಪ್ಪು ನಂದು.”

“ಮೆಲ್ಲಗೆ ಮಾತಾಡಿ!” ಎಂದು ಪೋಸ್ಟ್‌ಮ್ಯಾನ್ ತಡಿಕೆಯ ಕಡೆ ನೋಡಿದರು. ಆಗಲೇ ಹೊತ್ತು ಮೀರಿತ್ತು. ತೆಳ್ಳನೆಯ ತಡಿಕೆ; ಬಾಗಿಲಲ್ಲಿ ಅವರ ಹೆಂಡತಿ, ಕ್ಯಾಂಟೀನಿನ ಅಡುಗೆಯಾಕೆ, ಬಂದು ನಿಂತಿದ್ದರು. ಗಟ್ಟಿ ಮುಂಗೈಯ, ದೊಡ್ಡ ಮೈಯ ಹೆಂಗಸು.

“ಡಾಕ್ಟ್ರೇ, ಈಗ ಹೇಳಿದ್ದನ್ನ ಇನ್ನೊಂದ್ಸಲ ಹೇಳಿ.”

ಡಾಕ್ಟರು ಹೇಳಿದರು.

“ಕಾಗದದ ಮೇಲೆ ಬರೆದುಕೊಡಿ. ಸಹಿ ಹಾಕಿ. ಮೊಹರು ಇದ್ರೆ ಅದನ್ನೂ ಒತ್ತಿ. ಇವ್ರಿಗೆ ಮೊಹರು ಇಲ್ದಿದ್ರೆ ನಂಬಿಕೆ ಬರಲ್ಲ.”

ಇಪ್ಪತ್ತೆಂಟು ವರ್ಷದಲ್ಲಿ ಡಾಕ್ಟರು ಸಾವಿರಾರು ಚೀಟಿ ಬರೆದಿದ್ದರು. ಎಲ್ಲವೂ ‘ಕೂಡದು’ ಎಂದು ಮುಗಿಯುತ್ತಿದ್ದವು. ‘ಇವರು ಎಲ್ಲ ಕೆಲಸವನ್ನೂ ಮಾಡಬಹುದು’ ಎಂದು ಬರೆಯುವಾಗ ‘ಬಹುದು’ ಎಂಬಲ್ಲಿ ಪೆನ್ನು ಒಮ್ಮೆ ತಡೆಯಿತು. ಅಡುಗೆಯಾಕೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗೆ ಇಟ್ಟುಕೊಂಡರು. ಆಮೇಲೆ ಆ ಚೀಲವನ್ನು ಗಂಡನ ಕೈಗೆ ಕೊಟ್ಟು, ಕೈಬೀಸಿಕೊಂಡು ಮೆಟ್ಟಿಲಿಳಿದರು.

ಸುದ್ದಿ ಹಬ್ಬಲು ಒಂದು ವಾರ ಸಾಕಾಯಿತು. ಹೆಬ್ಬೆರಳು ಡಾಕ್ಟರಿಗೆ ವಯಸ್ಸಾಯ್ತು, ಕೈಗುಣ ಹೋಯ್ತು, ಏನೂ ಇಲ್ಲ ಏನೂ ಇಲ್ಲ ಅಂತಾರೆ ಎಂದು ಜನ ಆಡಿಕೊಂಡರು. ಏನೂ ಇಲ್ಲ ಅನ್ನಿಸಿಕೊಳ್ಳಲು ಇಪ್ಪತ್ತೆರಡು ಮೆಟ್ಟಿಲು ಯಾರು ಹತ್ತುತ್ತಾರೆ? ಬ್ಯಾಂಕ್ ಮ್ಯಾನೇಜರು ಬೇರೆ ಕಡೆ ಹೋಗಿ, ಎರಡರ ಬದಲು ಮೂರು ಡಿಸ್ಕು ಕೆಟ್ಟಿದೆ ಎನ್ನಿಸಿಕೊಂಡು ಸಮಾಧಾನವಾಗಿ ಬಂದರಂತೆ. ಕಾಯುವ ಕೋಣೆಯ ಬೆಂಚು ಅರ್ಧ ಖಾಲಿಯಾಯಿತು. ಉಳಿದವರಿಗೆ ಡಾಕ್ಟರು ಮೊದಲಿನ ಹಾಗೇ ಒತ್ತಿ ತಿಕ್ಕಿ ಸಡಿಲಿಸುತ್ತಿದ್ದರು. ಆಮೇಲೆ, “ಸವೆದಿದೆ. ಎಲ್ಲರಿಗೂ ಸವೆಯುತ್ತೆ. ನಂದೂ ಸವೆದಿದೆ. ಹೋಗಿ, ಓಡಾಡಿ” ಎನ್ನುತ್ತಿದ್ದರು. ಚಪ್ಪಲಿಯ ಹೋಲಿಕೆಯನ್ನು ಮಾತ್ರ ಸ್ವಾಭಿಮಾನ ಬಿಟ್ಟು ಬಳಸಲಾಗಲಿಲ್ಲ.

ಮೂರು ವಾರದ ಮೇಲೆ ಪೋಸ್ಟ್‌ಮ್ಯಾನ್ ಮತ್ತೆ ಬಂದರು. ಏದುಸಿರು ಬಿಡುತ್ತ ಸ್ಟೂಲಿನ ಮೇಲೆ ಕೂತರು.

“ಸೇತುವೆ ಆಚೆ ಹೋಗಿದ್ದೆ. ಆಯಮ್ಮನೂ ಏನೂ ಇಲ್ಲ ಅಂತಾಳೆ. ನೀವಿಬ್ರೂ ಸೇರ್ಕೊಂಡಿದೀರಿ.”

“ಇಲ್ಲ. ಆಕೆ ನನಗಿಂತ ಹದಿನೈದು ವರ್ಷ ಮುಂಚೇನೇ ಹೇಳ್ತಿದ್ರು.”

“ನಮ್ಮನೇಲಿ ಆ ಕಾಗದಾನ ಬಾಗಿಲಿಗೆ ಅಂಟಿಸಿದಾಳೆ. ನೆಂಟರು ಬಂದವರೆಲ್ಲ ನಿಂತು ಓದ್ತಾರೆ. ಡಾಕ್ಟ್ರೇ, ಎರಡು ಕಿಲೋ ಬೇಡ, ಒಪ್ತೀನಿ. ಐದು ಕಿಲೋ ಅಂತಾದ್ರೂ ಒಂದು ಮಿತಿ ಬರೆದುಕೊಡಿ. ಹತ್ತು ಅಂತ ಹಾಕಿ, ಹೋಗ್ಲಿ. ಒಂದು ಮಿತಿ ಅನ್ನೋದಿರ್ಲಿ.”

“ಬರೆಯಲ್ಲ.” ಡಾಕ್ಟರು ಎದುರಿಗೆ ಕೂತರು. ಹೇಳಬೇಕೆಂದು ಮೂರು ವಾರದಿಂದ ಇಟ್ಟುಕೊಂಡಿದ್ದ ಮಾತನ್ನು ಆಡಿದರು. “ನಿಮ್ಮ ಕೆಲಸ ಬಿಡಿಸಿದೆ. ಸೈಕಲ್ ಬಿಡಿಸಿದೆ. ಅದು ಬೇಕಿರಲಿಲ್ಲ. ನನ್ನಿಂದ ತಪ್ಪಾಯ್ತು.”

ಪೋಸ್ಟ್‌ಮ್ಯಾನ್ ಕಿಟಕಿಯ ಕಡೆ ತಿರುಗಿದರು. ಕೆಳಗೆ ಬೀದಿಯಲ್ಲಿ ಯಾವುದೋ ಗಾಡಿ ಹಿಂದಕ್ಕೆ ಬರುವ ಸದ್ದು ಕೇಳುತ್ತಿತ್ತು.

“ಏಳು ಬೀದಿ ಇತ್ತು ನಂಗೆ,” ಎಂದರು. “ಯಾವ ಮನೆ ನಾಯಿ ಕಚ್ಚುತ್ತೆ, ಯಾವ ಮನೆ ಅಜ್ಜಿಗೆ ಕಾಗದ ಓದಿ ಹೇಳ್ಬೇಕು, ಎಲ್ಲ ಗೊತ್ತಿತ್ತು. ಮುದ್ರೆ ಒತ್ತೋ ಮೇಜಿನ ಮುಂದೆ ಗೋಡೆ ಬಿಟ್ರೆ ಏನೂ ಇರಲಿಲ್ಲ. ಸೈಕಲ್ ಮಾರಿಬಿಟ್ಟೆ ಡಾಕ್ಟ್ರೇ.”

ಪೋಸ್ಟ್‌ಮ್ಯಾನ್ ಕಣ್ಣೊರೆಸಿಕೊಂಡು ಅಂಗಿಯ ತೋಳು ಮೇಲೆತ್ತಿದರು.

“ಆಯ್ತು ಬಿಡಿ. ಬಂದಿದ್ದು ಬೆನ್ನಿಗಲ್ಲ. ಇದು ನೋಡಿ. ದಿನಾ ಎರಡೆರಡು ಚೀಲ ಹೊರಿಸ್ತಾಳೆ. ಒಂಬತ್ತು ವರ್ಷದ ಬಾಕಿ ಅಂತಾಳೆ. ತೋಳು ಬಿದ್ದು ಹೋಗ್ತಿದೆ.”

ಡಾಕ್ಟರು ತೋಳನ್ನು ಕೈಗೆತ್ತಿಕೊಂಡು ಭುಜದವರೆಗೆ ಹೆಬ್ಬೆರಳು ಎಳೆದರು. ಅದು ಒಂದು ಕಡೆ ನಿಂತಿತು.

“ಇದು ಏನಾಗಿದೆ ಅಂದ್ರೆ...” ಎಂದು ಅಭ್ಯಾಸಬಲದಿಂದ ಶುರು ಮಾಡಿದರು. ತಡಿಕೆಯಾಚೆ ಹೆಂಡತಿ ಕೆಮ್ಮಿದರು.

“ಏನಾಗಿದೆ ಡಾಕ್ಟ್ರೇ?” ಎಂದು ಪೋಸ್ಟ್‌ಮ್ಯಾನ್ ಆಸೆಯಿಂದ ಕೇಳಿದರು.

“ನೋಯ್ತಿದೆ,” ಎಂದು ಹೇಳಿ ಡಾಕ್ಟರು ತೋಳು ತಿಕ್ಕತೊಡಗಿದರು.